ದ್ವೀಪಕ್ಕೆ ಹೊರಟಿದ್ದೀರಾ? ಊಟ, ನೀರು, ಕಡಲಿನ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಅಂಡಮಾನ್ ಬಗ್ಗೆ ಒಂದು ಸಣ್ಣ ಟಿಪ್ಪಣಿ ಬರೆದಿದ್ದೆ. ದ್ವೀಪಕ್ಕೆ ಹೋಗಿ ಅಲ್ಲಿಯವರ ಊಟ ಮಾಡದೆ ಬಂದರೆ ಅರ್ಧ ದ್ವೀಪವನ್ನಷ್ಟೇ ನೋಡಿದ ಹಾಗೆ ಅಂತ ಅದರಲ್ಲಿ ಒಂದು ಮಾತಿತ್ತು. ಆ ಒಂದು ಮಾತಿಗೆ ಇಷ್ಟೊಂದು ಪ್ರಶ್ನೆ ಬರುತ್ತವೆ ಅಂದುಕೊಂಡಿರಲಿಲ್ಲ. ಅಡಿಕೆ ಕೊಯ್ಲು ಮುಗಿದು, ಒಂದಿಷ್ಟು ದುಡ್ಡು ಕೈಗೆ ಬಂದು, ಮಳೆಗಾಲಕ್ಕೆ ಇನ್ನೂ ಮೂರು ತಿಂಗಳು ಇರುವಾಗ ನಮ್ಮ ಕಡೆಯವರಿಗೆ ಎಲ್ಲಾದರೂ ಹೋಗಿಬರೋಣ ಅನ್ನಿಸುವುದು ಸಹಜ ಅಲ್ವಾ? ಈ ಸಲ ಪೂರ್ತಿ ದ್ವೀಪದ್ದೇ ಮಾತು.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಮಾರ್ಚ್‌ನಲ್ಲಿ ಒಂದು ವಾರ ಶ್ರೀಲಂಕಾಕ್ಕೆ ಹೋಗುತ್ತಿದ್ದೇವೆ. ದ್ವೀಪ ಅಂದರೆ ಎಲ್ಲದರಲ್ಲೂ ಮೀನು ಅನ್ನುತ್ತಾರೆ. ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ, ಸಣ್ಣ ಕುಕ್ಕರ್ ಎಲ್ಲ ಹೊತ್ತುಕೊಂಡು ಹೋಗಬೇಕಾ?
*ಓದುಗರೊಬ್ಬರು, ಹೊಸನಗರ*

ಉತ್ತರ: ಕುಕ್ಕರ್ ಮನೆಯಲ್ಲೇ ಇರಲಿ. ಅವಲಕ್ಕಿ ಬೇಕಾದರೆ ಒಂದು ಪೊಟ್ಟಣ ಇಟ್ಟುಕೊಳ್ಳಿ, ದಾರಿಯಲ್ಲಿ ಆಗುತ್ತದೆ. ಮಲೆನಾಡಿನವರು ಕಣ್ಣುಮುಚ್ಚಿ ಹೋಗಿ ಊಟ ಮಾಡಬಹುದಾದ ದ್ವೀಪ ಒಂದಿದ್ದರೆ ಅದು ಶ್ರೀಲಂಕಾ.

ನಾನು ನೋಡಿದ್ದನ್ನು ಹೇಳುತ್ತೇನೆ. ಗಾಲೆ ಪಟ್ಟಣದ ಹತ್ತಿರ ಒಂದು ಮನೆಯಲ್ಲಿ ಉಳಿದಿದ್ದೆವು. ಬೆಳಿಗ್ಗೆ ಆ ಮನೆಯ ಅಮ್ಮ ಒಂದು ಕಟ್ಟು ಸೊಪ್ಪನ್ನು ಮೂರು ಸಲ ತೊಳೆದು, ಬಿಗಿಯಾಗಿ ಸುರುಳಿ ಸುತ್ತಿ, ದಾರದಷ್ಟು ಸಣ್ಣಗೆ ಹೆಚ್ಚುತ್ತಿದ್ದರು. ಅದಕ್ಕೆ ತೆಂಗಿನತುರಿ, ಸಣ್ಣ ಈರುಳ್ಳಿ, ಹಸಿಮೆಣಸು, ಉಪ್ಪು ಹಾಕಿದರು. ಮೇಲೆ ನಿಂಬೆಹಣ್ಣು ಹಿಂಡಿ ಬೆರಳ ತುದಿಯಲ್ಲಿ ಹಗುರವಾಗಿ ಕಲಸಿದರು. ಒಂದು ಎಲೆ ತೆಗೆದು ಮೂಸಿದೆ. ಒಂದೆಲಗ! ನಮ್ಮ ಬಾವಿಕಟ್ಟೆ ಪಕ್ಕದಲ್ಲಿ, ತೋಟದ ಕಾಲುವೆ ಅಂಚಿನಲ್ಲಿ ಹಬ್ಬುವ ಅದೇ ಒಂದೆಲಗ. ನಾವು ಅರೆದು ಮಜ್ಜಿಗೆ ಬೆರೆಸಿ ತಂಬುಳಿ ಮಾಡುತ್ತೇವೆ, ಅವರು ಹಸಿಯಾಗಿಯೇ ಕಲಸಿ ತಿನ್ನುತ್ತಾರೆ. ಗೊಟುಕೊಲ ಸಂಬೋಲ ಅಂತ ಹೆಸರು. ನನಗೆ ಗೊತ್ತಿರುವ ಎಲೆ ಅಂತ ಕೈಸನ್ನೆಯಲ್ಲಿ ಹೇಳಿದೆ. ಅವರು ಮತ್ತೊಂದು ಸೌಟು ಬಡಿಸಿದರು.

ಅಲ್ಲಿಂದ ಮುಂದೆ ಪ್ರತಿ ಊಟದಲ್ಲೂ ಪರಿಚಯದವರು ಸಿಗುತ್ತಾ ಹೋಗುತ್ತಾರೆ. ಎಳೆ ಹಲಸಿನಕಾಯಿಯನ್ನು ತೆಂಗಿನಹಾಲಿನಲ್ಲಿ, ಮಸಾಲೆ ಹಾಕಿ ಕಪ್ಪಗಾಗುವವರೆಗೆ ನಿಧಾನವಾಗಿ ಬೇಯಿಸುತ್ತಾರೆ. ಅದು ಪೊಲೊಸ್. ಜೀಗುಜ್ಜೆ ಅಲ್ಲಿ ದೆಲ್. ನಮ್ಮಲ್ಲಿ ಕೆಲವರು ಅದನ್ನು ದೀವಿಹಲಸು ಅನ್ನುತ್ತಾರಲ್ಲ, ಹಳೆಯ ಮಾತಿನಲ್ಲಿ ದೀವಿ ಅಂದರೆ ದ್ವೀಪವೇ. ಒತ್ತು ಶಾವಿಗೆ ಅಲ್ಲಿ ಇಂದಿ ಆಪ್ಪ, ಬೆಳಗಿನ ತಿಂಡಿಗೂ ಉಂಟು, ರಾತ್ರಿ ಊಟಕ್ಕೂ ಉಂಟು. ಬಟ್ಟಲಿನ ಹಾಗೆ ಅಂಚು ಗರಿಗರಿಯಾಗಿ, ನಡುವೆ ಮೆತ್ತಗೆ ಇರುವ ಆಪ್ಪವನ್ನು ಬಿಸಿಬಿಸಿ ಇರುವಾಗಲೇ ತಿನ್ನಬೇಕು. ತಣ್ಣಗಾದರೆ ಸತ್ವ ಹೋಯಿತು.

ಇನ್ನು ಸಿಹಿ. ಎಮ್ಮೆ ಹಾಲಿನ ಗಟ್ಟಿ ಮೊಸರನ್ನು ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿ ರಸ್ತೆ ಬದಿಯಲ್ಲಿ ಮಾರುತ್ತಾರೆ. ಅದರ ಮೇಲೆ ಕಿತುಲ್ ಪಾಕ ಸುರಿದುಕೊಂಡು ತಿನ್ನುವುದು. ಕಿತುಲ್ ಅಂದರೆ ನಮ್ಮ ಬೈನೆ ಮರ. ನಾವು ಬೈನೆಯನ್ನು ಹೆಚ್ಚಾಗಿ ಹೆಂಡಕ್ಕೇ ನೆನೆಯುತ್ತೇವೆ. ಅವರು ಅದರ ಹೂಗೊನೆ ಕೆತ್ತಿ ಇಳಿಸಿದ ನೀರನ್ನು ಕಾಯಿಸಿ ಪಾಕ ಮಾಡುತ್ತಾರೆ, ಇನ್ನೂ ಕಾಯಿಸಿದರೆ ಬೆಲ್ಲ. ನೋಡಲು ಥೇಟ್ ನಮ್ಮ ಜೋನಿಬೆಲ್ಲ. ರುಚಿಯಲ್ಲಿ ಮಾತ್ರ ಸಣ್ಣ ಹೊಗೆಯ ವಾಸನೆ ಇರುತ್ತದೆ. ದಿನಕ್ಕೊಂದು ಕುಡಿಕೆ ನಾನಂತೂ ತಪ್ಪಿಸಲಿಲ್ಲ.

ಒಂದು ಕಡೆ ಮಾತ್ರ ಎಚ್ಚರ ಬೇಕು. ತೆಂಗಿನತುರಿ, ಒಣಮೆಣಸು ಕುಟ್ಟಿ ಮಾಡುವ ಪೋಲ್ ಸಂಬೋಲ ನೋಡಲು ನಮ್ಮ ಕೆಂಪು ಚಟ್ನಿಯೇ. ಆದರೆ ಅದರಲ್ಲಿ ಉಂಬಲಕಡ ಎಂಬ ಒಣಮೀನಿನ ಚೂರು ಹಾಕುವುದು ವಾಡಿಕೆ. ಪಲ್ಯ, ಬೇಳೆಯಲ್ಲೂ ಕೆಲವರು ಹಾಕುತ್ತಾರೆ. ಅವರಿಗೆ ಅದು ಒಗ್ಗರಣೆ ಇದ್ದ ಹಾಗೆ, ಮೀನಿನ ಅಡುಗೆ ಅಂತ ಲೆಕ್ಕಕ್ಕೇ ಬರುವುದಿಲ್ಲ. ಸುಮ್ನೆ ವೆಜಿಟೇರಿಯನ್ ಅಂದರೆ ಸಾಲದು. "ಮಸ್ ಮಾಳು ಎಪಾ, ಉಂಬಲಕಡ ಎಪಾ" ಅನ್ನಿ. ಮಾಂಸ ಮೀನು ಬೇಡ, ಒಣಮೀನಿನ ಚೂರೂ ಬೇಡ ಅಂತ ಅರ್ಥ. ಕೊಲಂಬೊದಲ್ಲಿ, ಜಾಫ್ನಾ ಕಡೆ ತಮಿಳರ ಶೈವ, ಅಂದರೆ ಸಸ್ಯಾಹಾರಿ, ಹೋಟೆಲುಗಳಿವೆ, ಅಲ್ಲಿ ಕೇಳುವ ಅಗತ್ಯವೇ ಇಲ್ಲ.

ಮೀನು ತಿನ್ನುವ ಓದುಗರಿಗೆ ಒಂದು ಮಾತು. ಅಲ್ಲಿನ ಅಂಬುಲ್ ತಿಯಲ್ ಬಿಡಬೇಡಿ. ಟ್ಯೂನಾ ತುಂಡುಗಳಿಗೆ ಗೊರಕ ಅರೆದು ಸವರಿ, ಮಣ್ಣಿನ ಗಡಿಗೆಯಲ್ಲಿ ನೀರು ಆರುವವರೆಗೆ ಬೇಯಿಸುತ್ತಾರೆ. ಗೊರಕ ನಮ್ಮ ಉಪ್ಪಾಗೆಯ ಬಳಗದ್ದು. ಅದೇ ಕಪ್ಪು ಸಿಪ್ಪೆ, ಅದೇ ಹುಳಿ.

ಪ್ರಶ್ನೆ: ಏಪ್ರಿಲ್ ಮೊದಲ ವಾರ ಅಂಡಮಾನ್‌ಗೆ ಐದು ದಿನ. ಟೂರ್‌ನವರು ಕೊಟ್ಟ ಪಟ್ಟಿಯಲ್ಲಿ 19 ಜಾಗ ಇವೆ. ಎಲ್ಲವೂ ನೋಡಬೇಕಾದ್ದೇ?
*ಓದುಗರೊಬ್ಬರು, ತೀರ್ಥಹಳ್ಳಿ*

ಉತ್ತರ: 19 ಜಾಗಕ್ಕೆ ಹೋದರೆ ನೀವು ನೋಡುವುದು ವ್ಯಾನಿನ ಕಿಟಕಿಯನ್ನು. ಅರ್ಧಕ್ಕರ್ಧ ಹೊಡೆದುಹಾಕಿ.

ಮೊದಲು ಗಡಿಯಾರದ ವಿಷಯ. ಅಂಡಮಾನ್ ನಮಗಿಂತ ಸುಮಾರು 17 ಡಿಗ್ರಿ ಪೂರ್ವಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ ಲೆಕ್ಕ. ಅಂದರೆ ಶಿವಮೊಗ್ಗಕ್ಕಿಂತ ಒಂದು ಗಂಟೆಗೂ ಮುಂಚೆ ಅಲ್ಲಿ ಸೂರ್ಯ ಹುಟ್ಟುತ್ತಾನೆ, ಮುಂಚೆಯೇ ಮುಳುಗುತ್ತಾನೆ. ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಏಪ್ರಿಲ್‌ನಲ್ಲಿ ಐದು ಗಂಟೆ ದಾಟುವಾಗ ಬೆಳಕು ಹರಿದಿರುತ್ತದೆ, ಸಂಜೆ ಐದೂವರೆ ಹೊತ್ತಿಗೆ ಕತ್ತಲು ಕವಿಯಲು ಶುರು. ನಮ್ಮ ಕಡೆ ತರಹ ಒಂಬತ್ತಕ್ಕೆ ತಿಂಡಿ ತಿಂದು, ನಾಲ್ಕಕ್ಕೆ ಚಹಾ ಕುಡಿದು ಬೀಚಿಗೆ ಹೊರಟರೆ ಕತ್ತಲಲ್ಲಿ ವಾಪಸ್ ಬರಬೇಕಾಗುತ್ತದೆ. ಬೇಗ ಎದ್ದು ಬೇಗ ಹೊರಡಿ.

ಮೊದಲ ದಿನ ಶ್ರೀ ವಿಜಯಪುರಂ ಸಾಕು. ಪೋರ್ಟ್ ಬ್ಲೇರ್‌ಗೆ 2024ರಿಂದ ಈ ಹೆಸರು. ಸೆಲ್ಯುಲಾರ್ ಜೈಲಿಗೆ ಅರ್ಧ ದಿನ ಕೊಡಿ. 1896ರಲ್ಲಿ ಶುರುವಾದ ಕಟ್ಟಡ 1906ರಲ್ಲಿ ಮುಗಿಯಿತು. ಏಳು ರೆಕ್ಕೆಗಳಿದ್ದವು, ಈಗ ಉಳಿದಿರುವುದು ಮೂರು. ಒಂದು ರೆಕ್ಕೆಯ ಕೋಣೆಗಳ ಮುಂಭಾಗ ಇನ್ನೊಂದು ರೆಕ್ಕೆಯ ಹಿಂಭಾಗಕ್ಕೆ ತಿರುಗಿದೆ. ಕೈದಿಗಳು ಒಬ್ಬರ ಮುಖ ಒಬ್ಬರು ನೋಡಬಾರದು ಅಂತ. ಒಂದು ಕೋಣೆಯೊಳಗೆ ಹೋಗಿ ಎರಡು ನಿಮಿಷ ಮಾತಾಡದೆ ನಿಲ್ಲಿ. ಎತ್ತರದಲ್ಲಿ ಒಂದು ಸಣ್ಣ ಗಾಳಿಕಿಂಡಿ, ಅಷ್ಟೇ. ಮಕ್ಕಳಿದ್ದರೆ ಅವರನ್ನೂ ನಿಲ್ಲಿಸಿ. ನನ್ನ ಮಗಳು ಅಲ್ಲಿ ನಿಂತಮೇಲೆ ದಿನಪೂರ್ತಿ ಜಾಸ್ತಿ ಮಾತಾಡಲಿಲ್ಲ.

ಆಮೇಲೆ ಎರಡು ದಿನ ಸ್ವರಾಜ್ ದ್ವೀಪ, ಒಂದು ದಿನ ಶಹೀದ್ ದ್ವೀಪ. 2018ರ ತನಕ ಇವು ಹ್ಯಾವ್‌ಲಾಕ್, ನೀಲ್. ಸ್ವರಾಜ್ ದ್ವೀಪದ ರಾಧಾನಗರ ಬೀಚಿನ ಹೆಸರು ನೀವು ಕೇಳಿಯೇ ಇರುತ್ತೀರಿ. ಕಾಡು ಮುಗಿದ ಕಡೆ ಬಿಳಿ ಮರಳು, ಮರಳು ಮುಗಿದ ಕಡೆ ನೀರು. ಅಲ್ಲಿ ಒಂದು ಸಂಜೆ ಬರೀ ಕೂತಿರಿ. ಆದರೆ ಎರಡರಲ್ಲಿ ಒಂದೇ ದ್ವೀಪ ಆರಿಸಿ ಅಂದರೆ ನಾನು ಶಹೀದ್ ದ್ವೀಪವನ್ನೇ ಆರಿಸುತ್ತೇನೆ. ಸಣ್ಣ ಊರು. ಗದ್ದೆ, ಬಾಳೆ, ತರಕಾರಿ ತೋಟ. ಅಂಡಮಾನಿಗೆ ತರಕಾರಿ ಹೋಗುವುದೇ ಇಲ್ಲಿಂದ ಜಾಸ್ತಿ. ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳು ನಡೆಸುವ ಸಣ್ಣ ಊಟದ ಮನೆಗಳಿವೆ. ಅನ್ನ, ತೆಳು ಬೇಳೆ, ಆಲೂಗಡ್ಡೆ ಪಲ್ಯ, ಸಾಸಿವೆ ಹಾಕಿದ ಮೀನಿನ ಸಾರು. ಒಂದು ಗಂಟೆ ಮುಂಚೆ ಹೇಳಿಟ್ಟರೆ ಬಿಸಿಯಾಗಿ ಮಾಡಿಕೊಡುತ್ತಾರೆ. ದೊಡ್ಡ ರೆಸಾರ್ಟಿನ ಪನೀರ್ ಬಟರ್ ಮಸಾಲಕ್ಕಿಂತ ನೂರು ಪಾಲು ಮೇಲು. ಅದೇ ದ್ವೀಪದಲ್ಲಿ ಹವಳದ ಬಂಡೆಯ ಕಮಾನು ಇದೆ. ನೀರು ಇಳಿದಾಗ ಮಾತ್ರ ಹತ್ತಿರ ಹೋಗಲು ಆಗುವುದು. ಇಳಿತದ ಹೊತ್ತು ದಿನದಿನಕ್ಕೂ ಬದಲಾಗುತ್ತದೆ, ಉಳಿದುಕೊಳ್ಳುವ ಜಾಗದಲ್ಲಿ ಹಿಂದಿನ ರಾತ್ರಿಯೇ ಕೇಳಿಕೊಳ್ಳಿ. ಬಂಡೆಯ ಹೊಂಡಗಳಲ್ಲಿ ನೀರು ನಿಂತಿರುತ್ತದೆ. ಅದರಲ್ಲಿ ಪುಟ್ಟ ಮೀನು, ಏಡಿ, ಕಡಲಸೌತೆ. ಕುಕ್ಕರಗಾಲಲ್ಲಿ ಕೂತು ಒಂದೊಂದೇ ಹೊಂಡ ನೋಡುತ್ತಾ ಹೋದರೆ ಎರಡು ಗಂಟೆ ಕಳೆದದ್ದೇ ಗೊತ್ತಾಗುವುದಿಲ್ಲ.

ಬಾರಾಟಾಂಗ್‌ನ ಸುಣ್ಣದಕಲ್ಲಿನ ಗುಹೆಯನ್ನು ಪಟ್ಟಿಯಿಂದ ತೆಗೆಯಿರಿ ಅನ್ನುವುದು ನನ್ನ ಅಭಿಪ್ರಾಯ. ದಾರಿ ಜಾರವಾ ಜನರ ಕಾಡಿನ ನಡುವೆ ಹೋಗುತ್ತದೆ. ಅವರ ಫೋಟೊ ತೆಗೆಯುವುದು, ಗಾಡಿ ನಿಲ್ಲಿಸುವುದು ಕಾನೂನಿನ ಪ್ರಕಾರ ತಪ್ಪು. ಅವರ ಮನೆಯಂಗಳದಲ್ಲಿ ನಾವು ದಿನಾ ಸಾಲುಗಟ್ಟಿ ಓಡಾಡುವುದು ನನಗೆ ಸರಿ ಅನ್ನಿಸುವುದಿಲ್ಲ.

ಪ್ರಶ್ನೆ: ದ್ವೀಪಗಳಲ್ಲಿ ಕುಡಿಯಲು ಏನು ಚೆನ್ನ? ಬಿಯರ್, ಕೋಲಾ ಬಿಟ್ಟು ಹೇಳಿ.
*ಓದುಗರೊಬ್ಬರು, ಶಿವಮೊಗ್ಗ*

ಉತ್ತರ: ಬಿಟ್ಟು ಕೇಳಿದ್ದು ಒಳ್ಳೆಯದಾಯಿತು. ಯಾಕೆಂದರೆ ದ್ವೀಪದ ನಿಜವಾದ ಕುಡಿಯುವ ಪದಾರ್ಥ ಮರದ ಮೇಲಿರುತ್ತದೆ.

ಶ್ರೀಲಂಕಾದಲ್ಲಿ ತಂಬಿಲಿ ಕುಡಿಯಿರಿ. ಕಿತ್ತಳೆ ಬಣ್ಣದ ಎಳನೀರು. ನಮ್ಮ ಕೆಂದಾಳಿಗಿಂತಲೂ ಹೊಳಪು, ನೀರು ಸಿಹಿ. ಅದನ್ನು ಬೆಳೆಯುವುದೇ ಕುಡಿಯಲು. ಮಾರಿಷಸ್‌ಗೆ ಹೋದರೆ ಆಲೂದಾ. ತಣ್ಣನೆ ಹಾಲಿಗೆ ನೆನೆಸಿದ ಕಾಮಕಸ್ತೂರಿ ಬೀಜ ಹಾಕಿ ಕೊಡುತ್ತಾರೆ. ಅದರ ಜೊತೆ ಕಡಲೆಬೇಳೆ ಪುಡಿ ತುಂಬಿದ ಧೋಲ್ ಪುರಿ, ನಮ್ಮ ಅಂಬೊಡೆಯ ತಮ್ಮನ ಹಾಗಿರುವ ಗಾತೊ ಪಿಮಾ. ಅಲ್ಲಿನ ಬೀದಿ ತಿಂಡಿಯಲ್ಲಿ ಸಸ್ಯಾಹಾರಿಗಳಿಗೆ ಸಿಗುವಷ್ಟು ಸುಖ ಬೇರೆ ದ್ವೀಪದಲ್ಲಿ ಕಡಿಮೆ. ಬಾಲಿಯಲ್ಲಿ ಜಮು ಕೇಳಿ. ಹಸಿ ಅರಿಶಿನ, ಹುಣಸೆ, ತಾಳೆಬೆಲ್ಲದ ಪಾನಕ. ಬೆಳಿಗ್ಗೆ ಬಾಟಲಿಯಲ್ಲಿ ತುಂಬಿ ಮಾರುತ್ತಾರೆ. ಮೊದಲ ಗುಟುಕು ಕಷಾಯದ ಹಾಗೆ ಅನ್ನಿಸುತ್ತದೆ, ಮೂರನೇ ದಿನ ತಾನಾಗಿ ಹುಡುಕಿಕೊಂಡು ಹೋಗುತ್ತೀರಿ.

ಎಳನೀರು ಕುಡಿದಮೇಲೆ ಕಾಯಿ ಒಡೆಸಿ ಗಂಜಿ ತಿನ್ನುವುದನ್ನು ಮರೆಯಬೇಡಿ. ಐಸ್ ಬಗ್ಗೆ ಎಚ್ಚರ, ನೀರು ಎಲ್ಲಿಯದು ಅಂತ ಗೊತ್ತಿಲ್ಲದ ಕಡೆ ಬೇಡ ಅನ್ನಿ.

ಬಾಲಿಗೆ ಹೋಗುವ ಹುಡುಗರಿಗೆ ಒಂದು ಮಾತು ಹೇಳಲೇಬೇಕು. ಅರಾಕ್ ಎಂಬ ಸ್ಥಳೀಯ ಮದ್ಯವನ್ನು ಅಗ್ಗದ ಕಾಕ್‌ಟೇಲ್‌ಗಳಿಗೆ ಬೆರೆಸುತ್ತಾರೆ. ಕದ್ದು ಬಟ್ಟಿ ಇಳಿಸಿದ್ದರಲ್ಲಿ ಮಿಥನಾಲ್ ಎಂಬ ವಿಷ ಸೇರಿ ಪ್ರವಾಸಿಗರು ಕಣ್ಣು ಕಳೆದುಕೊಂಡಿದ್ದಾರೆ, ಸತ್ತಿದ್ದಾರೆ. ಇದು ಸುಮ್ನೆ ಹೆದರಿಸುವ ಮಾತಲ್ಲ. ಮುಚ್ಚಳ ಒಡೆಯದ ಬಾಟಲಿ ಅಲ್ಲದಿದ್ದರೆ ಮುಟ್ಟಬೇಡಿ.

ಪ್ರಶ್ನೆ: ಮಗನಿಗೆ 22. ಸ್ಕೂಬಾ ಮಾಡಲೇಬೇಕು ಅಂತ ಹಟ. ಅವನಿಗೆ ಈಜು ಬರುವುದಿಲ್ಲ. ಭದ್ರಾ ಕಾಲುವೆಯಲ್ಲಿ ಆದ ಅವಘಡಗಳನ್ನು ಕೇಳಿ ಕೇಳಿ ನನಗೆ ನೀರು ಅಂದರೆ ಭಯ. ಕಳಿಸಲಾ?
*ಓದುಗರೊಬ್ಬರು, ಭದ್ರಾವತಿ*

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಹರಿಯುವ ಕಾಲುವೆ ನಿಜಕ್ಕೂ ಅಪಾಯ. ಆದರೆ ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಇಳಿಯುವುದು, ಬೇರೆ ರೀತಿ.

ಮೊದಲ ಸಲ ಮಾಡುವವರನ್ನು ತರಬೇತುದಾರ ಕೈಬಿಡದೆ ಹಿಡಿದುಕೊಂಡೇ ಇಳಿಸುತ್ತಾರೆ. ಈಜು ಬರದವರನ್ನೂ ಕರೆದೊಯ್ಯುತ್ತಾರೆ. 12 ಮೀಟರಿಗಿಂತ ಆಳಕ್ಕೆ ಇಂಥ ಡೈವ್ ಹೋಗುವುದಿಲ್ಲ. ಮೊದಲು ಸೊಂಟದ ಮಟ್ಟದ ನೀರಿನಲ್ಲಿ ಅಭ್ಯಾಸ ಮಾಡಿಸಬೇಕು. ಬಾಯಿಂದ ಉಸಿರಾಡುವುದು, ಮುಖವಾಡದೊಳಗೆ ನೀರು ಬಂದರೆ ಹೊರಹಾಕುವುದು, ಕೈಸನ್ನೆ. ಈ ಅಭ್ಯಾಸಕ್ಕೆ ಅರ್ಧ ಗಂಟೆಯಾದರೂ ಕೊಡದೆ ನೇರ ದೋಣಿ ಹತ್ತಿಸುವವರ ಹತ್ತಿರ ಹೋಗಬೇಡ ಅಂತ ಮಗನಿಗೆ ಹೇಳಿ. ನನ್ನ ಮೊದಲ ಸಲ ಒಂದು ಕಡೆ ಐದೇ ನಿಮಿಷದಲ್ಲಿ ಅಭ್ಯಾಸ ಮುಗಿಸಿದರು. ನಾನು ಇಳಿಯಲಿಲ್ಲ, ವಾಪಸ್ ಬಂದೆ. ಮಾರನೇ ದಿನ ಬೇರೆಯವರ ಹತ್ತಿರ ಹೋದೆ.

ಕೈಸನ್ನೆಯಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಎಲ್ಲ ಸರಿ ಇದೆ ಅನ್ನಲು ನಾವು ಹೆಬ್ಬೆರಳು ಎತ್ತುತ್ತೇವೆ. ನೀರೊಳಗೆ ಹೆಬ್ಬೆರಳು ಎತ್ತಿದರೆ ಮೇಲೆ ಹೋಗಬೇಕು ಅಂತ ಅರ್ಥ. ಸರಿ ಇದೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಇಳಿಯುತ್ತಾ ಕಿವಿ ಒತ್ತುತ್ತದೆ, ಆಗುಂಬೆ ಘಾಟಿ ಇಳಿಯುವಾಗ ಆಗುತ್ತದಲ್ಲ, ಅದರ ಹತ್ತು ಪಟ್ಟು. ಮೂಗು ಹಿಡಿದು ಮೆಲ್ಲಗೆ ಗಾಳಿ ಊದಬೇಕು. ನೋವಾದರೆ ಇನ್ನೂ ಕೆಳಗೆ ಹೋಗಬಾರದು, ಕಿವಿಗೆ ಬೆರಳು ತೋರಿಸಬೇಕು. ನೆಗಡಿ ಇದ್ದರೆ ಆ ದಿನ ಡೈವ್ ಬೇಡವೇ ಬೇಡ. ಆಸ್ತಮಾ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇಳಿಯಬಾರದು. ದಪ್ಪ ಮೀಸೆ ಇದ್ದರೆ ಮುಖವಾಡ ಸರಿಯಾಗಿ ಕೂರುವುದಿಲ್ಲ, ನೀರು ಸೋರುತ್ತದೆ. ಸ್ವಲ್ಪ ವ್ಯಾಸಲೀನ್ ಹಚ್ಚಿದರೆ ಸರಿಹೋಗುತ್ತದೆ.

ಡೈವ್ ಆದಮೇಲೆ 18 ಗಂಟೆಯಾದರೂ ವಿಮಾನ ಹತ್ತಬಾರದು. ಒತ್ತಡದಲ್ಲಿ ರಕ್ತದಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು. ಬೇಗ ಮೇಲೆ ಹಾರಿದರೆ ಅದು ಗುಳ್ಳೆಯಾಗಿ ತೊಂದರೆ ಕೊಡುತ್ತದೆ. ಅದಕ್ಕೇ ಡೈವ್ ಅನ್ನು ಪ್ರವಾಸದ ನಡುವೆ ಇಟ್ಟುಕೊಳ್ಳಲಿ, ಕೊನೆಯ ದಿನಕ್ಕೆ ಬೇಡ.

ಕಳಿಸಿ. ಹತ್ತು ಮೀಟರ್ ಕೆಳಗೆ ಕೇಳುವುದು ನಮ್ಮದೇ ಉಸಿರಿನ ಸದ್ದು ಮಾತ್ರ. ಒಂದು ಗಿಳಿಮೀನು ಹವಳವನ್ನು ಕಟಕಟ ಅಂತ ಕಡಿಯುವುದೂ ಕೇಳಿಸುತ್ತದೆ. ಅದು ಕೇಳಿಸಿದ ದಿನವನ್ನು ನಾನು ಇವತ್ತಿಗೂ ಮರೆತಿಲ್ಲ.

ಪ್ರಶ್ನೆ: ನಮಗೆ ಬಿಡುವು ಸಿಗುವುದು ನಾಟಿ ಮುಗಿದಮೇಲೆ, ಆಗಸ್ಟ್‌ನಲ್ಲಿ. ಆಗ ಎಲ್ಲ ಕಡೆ ಮಳೆ ಅಲ್ವಾ?
*ಓದುಗರೊಬ್ಬರು, ಸಾಗರ*

ಉತ್ತರ: ಎಲ್ಲ ಕಡೆ ಅಲ್ಲ. ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್ ಆಗ ಬೇಡ, ಮಳೆ ಮತ್ತು ಅಲೆ ಎರಡೂ ಜಾಸ್ತಿ. ಬಾಲಿ ಭೂಮಧ್ಯರೇಖೆಯ ದಕ್ಷಿಣಕ್ಕಿದೆ. ಅಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್ ತನಕ ಒಣಹವೆ. ನಮ್ಮಲ್ಲಿ ಕಂಬಳಿ ಕೊಪ್ಪೆ ಹೊದ್ದು ಗದ್ದೆಗೆ ಹೋಗುವ ದಿನಗಳಲ್ಲಿ ಅಲ್ಲಿ ಭತ್ತ ಬಿಸಿಲಿಗೆ ಒಣಗುತ್ತಿರುತ್ತದೆ. ಶ್ರೀಲಂಕಾದ ಪೂರ್ವ ಕರಾವಳಿಗೂ, ಅಂದರೆ ಟ್ರಿಂಕೋಮಲಿ ಕಡೆ, ಅದು ಒಳ್ಳೆಯ ಕಾಲ. ಪಶ್ಚಿಮಕ್ಕೆ ಬಡಿಯುವ ಮಳೆಯನ್ನು ನಡುವಿನ ಬೆಟ್ಟಗಳು ತಡೆಯುತ್ತವೆ. ಘಟ್ಟದ ಆಚೆ ಈಚೆ ಮಳೆ ಹೇಗೆ ಬದಲಾಗುತ್ತದೆ ಅಂತ ನಿಮಗೆ ಬೇರೆ ಹೇಳಬೇಕಾಗಿಲ್ಲ.

ಬಾಲಿಗೆ ಹೋದರೆ ಟೆಂಪೆ ತಿನ್ನಿ. ಸೋಯಾ ಕಾಳನ್ನು ಹುದುಗು ಬರಿಸಿ ಮಾಡಿದ ಬಿಲ್ಲೆ, ಕರಿದರೆ ಬಹಳ ರುಚಿ. ತರಕಾರಿಗೆ ಕಡಲೆಕಾಯಿ ಗೊಜ್ಜು ಸುರಿದ ಗಾಡೊ ಗಾಡೊ ಕೂಡ ಒಳ್ಳೆಯದು. ಸಸ್ಯಾಹಾರಿಗಳು ತೆರಾಸಿ ಬೇಡ ಅನ್ನಬೇಕು, ಅದು ಸಿಗಡಿಯ ಗೊಜ್ಜು. ಕ್ಲೆಪೊನ್ ಅಂತ ಹಸಿರು ಉಂಡೆ ಸಿಗುತ್ತದೆ. ಅಕ್ಕಿಹಿಟ್ಟಿನದು, ಒಳಗೆ ಬೆಲ್ಲದ ಪಾಕ, ಹೊರಗೆ ಕಾಯಿತುರಿ. ಇಡೀ ಉಂಡೆ ಒಮ್ಮೆಗೇ ಬಾಯಿಗೆ ಹಾಕಿಕೊಳ್ಳಿ. ಕಚ್ಚಿದರೆ ಪಾಕ ಅಂಗಿ ಮೇಲೆ ಹಾರುತ್ತದೆ.

ಪ್ರಶ್ನೆ: ಹನಿಮೂನ್‌ಗೆ ಮಾಲ್ಡೀವ್ಸ್ ಆಸೆ. ದುಡ್ಡು ಕಡಿಮೆ.
*ಓದುಗರೊಬ್ಬರು, ಶಿಕಾರಿಪುರ*

ಉತ್ತರ: ರೆಸಾರ್ಟ್ ದ್ವೀಪ ಬಿಡಿ, ಊರಿನ ಜನ ವಾಸಿಸುವ ದ್ವೀಪ ಹಿಡಿಯಿರಿ. ಮಾಫುಶಿಯಂಥ ಕಡೆ ಗೆಸ್ಟ್‌ಹೌಸುಗಳಿವೆ, ಖರ್ಚು ಎಷ್ಟೋ ಕಡಿಮೆ. ಭಾರತೀಯರಿಗೆ ಪ್ರವಾಸಿ ವೀಸಾ ಅಲ್ಲಿ ಇಳಿದಮೇಲೆ ಉಚಿತವಾಗಿ ಸಿಗುತ್ತದೆ. ಊರಿನ ದ್ವೀಪಗಳಲ್ಲಿ ಮದ್ಯ ಇಲ್ಲ. ಈಜುಡುಗೆಗೆ ಬೇರೆಯೇ ಬೀಚ್ ಗುರುತು ಮಾಡಿರುತ್ತಾರೆ. ಓಣಿಗಳಲ್ಲಿ ಮೈತುಂಬ ಬಟ್ಟೆ ಹಾಕಿಕೊಂಡು ಓಡಾಡಿ, ಅದು ಅವರ ಊರು. ಬೆಳಗಿನ ತಿಂಡಿಗೆ ಮಸ್ ಹುನಿ ಕೇಳಿ. ಟ್ಯೂನಾ, ಕಾಯಿತುರಿ, ಈರುಳ್ಳಿ, ಮೆಣಸು, ನಿಂಬೆ ಕಲಸಿ ಬಿಸಿ ರೊಟ್ಟಿ ಜೊತೆ ಕೊಡುತ್ತಾರೆ.

ಪ್ರಶ್ನೆ: ನಾವು ತುಮರಿ ಕಡೆಯವರು. ಹಿನ್ನೀರಿನ ನಡುವೆ ದ್ವೀಪದವರ ಹಾಗೇ ಬದುಕಿದವರು. ನಮಗೆ ಯಾವ ದ್ವೀಪ ಹೊಸದು?
*ಓದುಗರೊಬ್ಬರು, ಕರೂರು ಹೋಬಳಿ*

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಮೇಲೆ ನಿಮ್ಮೂರಿಗೆ ನೀರೇ ಗಡಿಯಾಯಿತು. ಕೊನೆಯ ಲಾಂಚ್ ತಪ್ಪಿದರೆ ಆ ರಾತ್ರಿ ದಡದಲ್ಲೇ. ಹೆರಿಗೆ ನೋವಿನವರೂ ಲಾಂಚಿಗೇ ಕಾಯಬೇಕಾಗಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ತೆರೆಯುವ ತನಕ ಅದೇ ಪಾಡು. ದ್ವೀಪದಲ್ಲಿ ರಜೆ ಕಳೆಯಲು ಹೋಗುವವರಿಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಿದೆ.

ನಿಮಗೆ ನಾನು ಲಕ್ಷದ್ವೀಪ ಹೇಳುತ್ತೇನೆ. ಅಲ್ಲಿ 36 ದ್ವೀಪಗಳು, ಜನ ಇರುವುದು 10ರಲ್ಲಿ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಹೋಗಲು ಪರವಾನಗಿ ಬೇಕು. ವಿಮಾನವಾದರೆ ಅಗತ್ತಿಗೆ, ಹಡಗಾದರೆ ಕೊಚ್ಚಿಯಿಂದ. ನೀವು ಹಡಗಿನಲ್ಲೇ ಹೋಗಿ. ಅಕ್ಕಿ ಮೂಟೆ, ಕೋಳಿ, ಆಸ್ಪತ್ರೆಯಿಂದ ಮನೆಗೆ ಹೊರಟ ಅಜ್ಜ, ಕಾಲೇಜು ಮಕ್ಕಳು, ಎಲ್ಲರೂ ಒಂದೇ ಹಡಗಿನಲ್ಲಿ. ನಿಮಗೆ ಅವರ ಜೊತೆ ಮಾತು ಬೇಗ ಕೂಡುತ್ತದೆ. ಅಲ್ಲಿನ ಮೀನುಗಾರರು ಟ್ಯೂನಾವನ್ನು ಬಲೆ ಹಾಕದೆ, ಗಳು ಮತ್ತು ಗಾಳದಲ್ಲಿ ಒಂದೊಂದಾಗಿ ಹಿಡಿಯುತ್ತಾರೆ. ಬೇಯಿಸಿ, ಹೊಗೆ ಹಾಕಿ, ಒಣಗಿಸಿದರೆ ಮಾಸ್. ಕಟ್ಟಿಗೆಯಷ್ಟು ಗಟ್ಟಿ, ತಿಂಗಳುಗಟ್ಟಲೆ ಕೆಡುವುದಿಲ್ಲ. ಮಳೆಗಾಲಕ್ಕೆ ಹಪ್ಪಳ, ಉಪ್ಪಿನಕಾಯಿ, ಒಣಗಿಸಿದ ಹಲಸಿನ ಬೀಜ ಕೂಡಿಡುವ ನಮಗೆ ಆ ಬುದ್ಧಿ ಹೊಸದಲ್ಲ.

ಪ್ರಶ್ನೆ: ಮೊಮ್ಮಕ್ಕಳಿಗೆ ಅಂತ ಬೀಚಿನಲ್ಲಿ ಬಿದ್ದ ಹವಳದ ಚೂರು, ಶಂಖ ಆರಿಸಿ ತರಬಹುದೇ?
*ಓದುಗರೊಬ್ಬರು, ಕೊಪ್ಪ*

ಉತ್ತರ: ಬೇಡ. ಹವಳಕ್ಕೆ, ಕೆಲವು ಜಾತಿಯ ಶಂಖ ಚಿಪ್ಪುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಸತ್ತು ಬಿದ್ದದ್ದಾದರೂ ವಿಮಾನ ನಿಲ್ದಾಣದಲ್ಲಿ ಚೀಲದಿಂದ ತೆಗೆಸುತ್ತಾರೆ, ಕೇಸೂ ಆಗಬಹುದು. ಖಾಲಿ ಚಿಪ್ಪು ಕೂಡ ಸನ್ಯಾಸಿ ಏಡಿಗೆ ಮನೆ.

ತರುವುದಾದರೆ ತಿನ್ನುವ ವಸ್ತು ತನ್ನಿ. ಶ್ರೀಲಂಕಾದಿಂದ ದಾಲ್ಚಿನ್ನಿ. ಕಾಗದದಷ್ಟು ತೆಳುವಾದ ಪದರಗಳನ್ನು ಒಂದರೊಳಗೊಂದು ಸುತ್ತಿ, ಸುರುಟಿದ ಬೀಡಿಯ ಹಾಗೆ ಇರುತ್ತದೆ. ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಕ್ಯಾಸಿಯಾ, ದಪ್ಪ ತೊಗಟೆ, ಮುರಿಯಲು ಗುದ್ದಬೇಕು. ಒಂದು ಚೂರು ಸಿಲೋನ್ ದಾಲ್ಚಿನ್ನಿಯನ್ನು ಪಾಯಸಕ್ಕೆ ಹಾಕಿ ನೋಡಿ, ವ್ಯತ್ಯಾಸ ಮೂಗಿಗೇ ಗೊತ್ತಾಗುತ್ತದೆ.

ಪ್ರಶ್ನೆ: ಒಂದೇ ದಿನ, ವಿಮಾನ ಬೇಡ, ಮಕ್ಕಳಿಗೆ ದ್ವೀಪ ತೋರಿಸಬೇಕು.
*ಓದುಗರೊಬ್ಬರು, ಶಿವಮೊಗ್ಗ*

ಉತ್ತರ: ಮಲ್ಪೆಯ ಸೇಂಟ್ ಮೇರೀಸ್ ದ್ವೀಪ. ಶಿವಮೊಗ್ಗದಿಂದ ಆಗುಂಬೆ ಇಳಿದರೆ ಸುಮಾರು 150 ಕಿ.ಮೀ. ಆರು ಮೂಲೆಯ ಕಂಬಗಳನ್ನು ಜೋಡಿಸಿಟ್ಟ ಹಾಗಿರುವ ಬಂಡೆಗಳು ಅಲ್ಲಿನ ವಿಶೇಷ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದಲ್ಲಿ, ಲಾವಾ ತಣ್ಣಗಾಗುತ್ತಾ ಬಿರಿದು ಆದ ಕಂಬಗಳು. ನಿಮ್ಮ ಕೆರೆಯ ಕೆಸರು ಬೇಸಿಗೆಯಲ್ಲಿ ಬಿರಿಯುತ್ತದಲ್ಲ, ಅದನ್ನು ಮಕ್ಕಳಿಗೆ ಮೊದಲೇ ತೋರಿಸಿ ಕರೆದುಕೊಂಡು ಹೋದರೆ ಬೇಗ ಅರ್ಥವಾಗುತ್ತದೆ. ರಾತ್ರಿ ಉಳಿಯುವಂತಿಲ್ಲ, ಮಳೆಗಾಲದಲ್ಲಿ ದೋಣಿ ಇಲ್ಲ. ನೆರಳು ಕಡಿಮೆ, ಟೋಪಿ ಮತ್ತು ನೀರು ಜೊತೆಗಿರಲಿ. ಡೈವಿಂಗ್ ಬೇಕಾದವರಿಗೆ ಮುರುಡೇಶ್ವರದಿಂದ ನೇತ್ರಾಣಿ ಇದೆ, ಅದೂ ಮಳೆ ಮುಗಿದಮೇಲೆ.

ಪ್ರಶ್ನೆ: ನನಗೆ 68. ಮಂಡಿ ನೋವು, ಬಸ್ಸು ಹತ್ತಿದರೆ ವಾಂತಿ. ಮಕ್ಕಳು ಅಂಡಮಾನ್‌ಗೆ ಬಾ ಅನ್ನುತ್ತಾರೆ. ನಾನು ಹೋಗಿ ಮಾಡುವುದೇನು?
*ಓದುಗರೊಬ್ಬರು, ರಿಪ್ಪನ್‌ಪೇಟೆ*

ಉತ್ತರ: ಹೋಗಿ ಅಮ್ಮ. ದಯವಿಟ್ಟು ಹೋಗಿ.

ಹಡಗಿನ ವಾಂತಿಗೆ ಮಾತ್ರೆ ಇದೆ. ನಿಮ್ಮ ಬೇರೆ ಔಷಧಿಗಳ ಜೊತೆ ಆಗುತ್ತದೆಯೇ ಅಂತ ವೈದ್ಯರನ್ನು ಕೇಳಿ, ಹೊರಡುವ ಒಂದು ಗಂಟೆ ಮುಂಚೆ ತೆಗೆದುಕೊಳ್ಳಿ. ಹೊಟ್ಟೆ ಖಾಲಿ ಇಟ್ಟುಕೊಳ್ಳಬೇಡಿ, ಎರಡು ಇಡ್ಲಿ ತಿನ್ನಿ. ಹಡಗಿನ ಮಧ್ಯದ ಸೀಟು ಕೇಳಿ, ಅಲ್ಲಿ ಓಲಾಟ ಕಡಿಮೆ. ಮೊಬೈಲ್ ನೋಡಬೇಡಿ, ದೂರದ ನೀರಿನ ಗೆರೆ ನೋಡುತ್ತಿರಿ. ಉಪ್ಪು ಹಾಕಿ ಒಣಗಿಸಿದ ಶುಂಠಿ ಚೂರು ಬಾಯಲ್ಲಿ ಇಟ್ಟುಕೊಂಡರೆ ನನಗೆ ಹಿತ ಅನ್ನಿಸುತ್ತದೆ.

ಶಹೀದ್ ದ್ವೀಪದ ಭರತ್‌ಪುರ ಬೀಚಿನಲ್ಲಿ ನೀರು ಬಹಳ ದೂರದವರೆಗೆ ಮೊಣಕಾಲ ಮಟ್ಟ. ತಳಕ್ಕೆ ಗಾಜು ಹಾಕಿದ ದೋಣಿ ಇದೆ. ಅದರಲ್ಲಿ ಕೂತಲ್ಲೇ ಹವಳ, ಮೀನು ಎಲ್ಲ ಕಾಣುತ್ತದೆ, ಈಜು ಬೇಡ. ದೋಣಿ ಹತ್ತಿಸಲು ಕೈ ಹಿಡಿಯುತ್ತಾರೆ. ಆಮೇಲೆ ಮಕ್ಕಳು ಜೆಟ್ ಸ್ಕೀ, ಅದು ಇದು ಅಂತ ಓಡಲಿ. ನೀವು ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿ ನೀರಿನ ಅಂಚಿನಲ್ಲಿ ಹಾಕಿಸಿಕೊಳ್ಳಿ. ಕಾಲು ಎರಡೂ ನೀರಿನಲ್ಲಿ ಇರಲಿ. ನನ್ನ ಅಮ್ಮ ಹೀಗೇ ಒಂದು ಬೆಳಿಗ್ಗೆ ಪೂರ್ತಿ ಕೂತಿದ್ದರು. ಎಳನೀರು ಕುಡಿದರು, ಪಕ್ಕದಲ್ಲಿ ಕೂತ ಬಂಗಾಳಿ ಅಜ್ಜಿಯ ಜೊತೆ ಭಾಷೆ ಬಾರದೆಯೂ ಏನೇನೋ ಮಾತಾಡಿದರು. ಕಾಲಿನ ಸುತ್ತ ಬಂದ ಪುಟ್ಟ ಮೀನುಗಳನ್ನು ಎಣಿಸಿದರು. ಮಧ್ಯಾಹ್ನ ಊಟಕ್ಕೆ ಕರೆದರೆ ಇನ್ನೂ ಐದು ನಿಮಿಷ ಅಂದರು.

ಮೊಸಳೆ ಇದೆ ಎಂಬ ಫಲಕ ಇರುವ ಕಡೆ ಮಾತ್ರ ಯಾರೂ ನೀರಿಗೆ ಇಳಿಯಬೇಡಿ. ಅಂಡಮಾನಿನ ಕೆಲವು ಕೊಲ್ಲಿಗಳಲ್ಲಿ ಉಪ್ಪುನೀರಿನ ಮೊಸಳೆ ಇದೆ. ಮತ್ತೆ ಚಪ್ಪಲಿ, ಹಿಮ್ಮಡಿಗೆ ಪಟ್ಟಿ ಇರುವುದನ್ನೇ ಹಾಕಿಕೊಂಡು ಹೋಗಿ. ಹವಾಯಿ ಚಪ್ಪಲಿ ಅಲೆಗೆ ಕಳಚಿ ಹೋಗುತ್ತದೆ, ಮರಳಿನಲ್ಲಿರುವ ಹವಳದ ಚೂರು ಬರಿಗಾಲಿಗೆ ಚುಚ್ಚುತ್ತದೆ.